ತಕರಾರಿನ ಕಡಲಲ್ಲಿ ಬೇರೆ ದೇಶದ ಯುದ್ಧನೌಕೆ ಹಾದುಹೋಗಬಹುದೇ?

ಪ್ರಶ್ನೆ: "ನಮ್ಮದು ಮಂಜೇಶ್ವರದ ಹತ್ತಿರ. ದಕ್ಷಿಣ ಚೀನಾ ಸಮುದ್ರದಲ್ಲಿ ಯಾವುದೋ ದ್ವೀಪದ ಪಕ್ಕದಲ್ಲೇ ಅಮೆರಿಕದ ಯುದ್ಧನೌಕೆ ಹೋಯ್ತು, ಚೀನಾ ಸಿಟ್ಟಾಯ್ತು ಅಂತ ಆಗಾಗ ಸುದ್ದಿ ಬರುತ್ತದೆ. ಒಂದು ದೇಶದ ಕಡಲೊಳಗೆ ಇನ್ನೊಂದು ದೇಶದ ಯುದ್ಧನೌಕೆ ಕೇಳದೆ ಹೋಗಬಹುದಾ? ಕಡಲು ಯಾರದ್ದು ಅಂತಲೇ ಜಗಳ ಇದ್ದರೆ? ನಮ್ಮ ಕಾಸರಗೋಡಿನ ಕಡೆಗೂ ಹೀಗೆ ಬರಬಹುದಾ?"

ಉತ್ತರ: ಹೋಗಬಹುದು. ಆದರೆ ಹಾದುಹೋಗಬಹುದು, ಅಷ್ಟೇ. ಸುಮ್ನೆ ನಿಲ್ಲುವ ಹಾಗಿಲ್ಲ, ಸುತ್ತಾಡುವ ಹಾಗಿಲ್ಲ, ಬೇರೆ ಕೆಲಸ ಮಾಡುವ ಹಾಗಿಲ್ಲ. ಮೊದಲೇ ತಿಳಿಸಬೇಕೇ ಬೇಡವೇ ಎಂಬಲ್ಲಿ ದೇಶಗಳ ನಡುವೆ ಒಮ್ಮತ ಇಲ್ಲ. ಭಾರತ 'ತಿಳಿಸಿ ಬನ್ನಿ' ಎನ್ನುತ್ತದೆ. ಇನ್ನು, ಕಡಲು ಯಾರದ್ದೆಂಬ ಜಗಳ ಇದೆ ಅಂತ ಈ ಹಕ್ಕು ಇಲ್ಲವಾಗುವುದಿಲ್ಲ. ಹಡಗು ಹಾದುಹೋಯಿತು ಅಂತ ಆ ಜಗಳವೂ ತೀರುವುದಿಲ್ಲ. ಈ ಕೊನೆಯ ಮಾತಿನಲ್ಲೇ ಹೆಚ್ಚಿನವರಿಗೆ ಗೊಂದಲ, ಹಾಗಾಗಿ ಅದನ್ನೇ ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತೇನೆ.

ಮೊದಲು, ಕಡಲು ಎಲ್ಲಿಯ ತನಕ ನಮ್ಮದು ಎಂಬುದು ಗೊತ್ತಿರಬೇಕು. ದಡದ ಇಳಿತದ ಗೆರೆಯಿಂದ, ಅಥವಾ ಸರಕಾರ ಘೋಷಿಸಿದ ನೇರ ಗೆರೆಯಿಂದ, 12 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಎಂದರೆ 1,852 ಮೀಟರ್. ಅಲ್ಲಿಗೆ ಸುಮಾರು 22 ಕಿಲೋಮೀಟರ್ ಆಯಿತು. ಕಡಪ್ಪುರದ ಮರಳಿನಲ್ಲಿ ನಿಂತವರಿಗೆ ನೀರು ಆಕಾಶಕ್ಕೆ ಮುಟ್ಟಿದ ಹಾಗೆ ಕಾಣುವ ಗೆರೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿರುತ್ತದೆ. ಇಕ್ಕೇರಿ ನಾಯಕರ ಕಾಲದ ಬೇಕಲ ಕೋಟೆಯ ಹಾಗೆ ಎತ್ತರದ ಜಾಗಕ್ಕೆ ಹೋದರೆ ಆ ಗೆರೆ ದೂರ ಸರಿಯುತ್ತದೆ. ಸಮುದ್ರಮಟ್ಟದಿಂದ 40 ಮೀಟರ್ ಮೇಲೆ ಕಣ್ಣಿದ್ದರೆ ಅದು ಸರಿಸುಮಾರು 22 ಕಿಲೋಮೀಟರ್‌ಗೆ ಹೋಗುತ್ತದೆ. ಹೆಚ್ಚುಕಡಿಮೆ ಅಲ್ಲಿಯ ತನಕ ಭಾರತದ ಪ್ರಾದೇಶಿಕ ಸಮುದ್ರ. ಅಲ್ಲಿ ನೀರು, ನೀರಿನಡಿಯ ನೆಲ, ಮೇಲಿನ ಆಕಾಶ ಮೂರೂ ದೇಶದ್ದೇ.

ಬೋಟಿನವರಿಗೆ ಈ 12ರ ಲೆಕ್ಕ ಹೊಸದಲ್ಲ. ಆ ಗೆರೆಯ ಒಳಗಿನ ಮೀನುಗಾರಿಕೆ ರಾಜ್ಯ ಸರಕಾರದ ಕೈಯಲ್ಲಿದೆ, ಆಚೆಯದ್ದು ಕೇಂದ್ರದ ಕೈಯಲ್ಲಿ. ತಲಪಾಡಿಯ ನೇರಕ್ಕೆ ಕೇರಳದ ಕಡಲು ಎಲ್ಲಿ ಮುಗಿಯುತ್ತದೆ, ಕರ್ನಾಟಕದ್ದು ಎಲ್ಲಿ ಶುರುವಾಗುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಆದರೆ ಅದು ಒಳಗಿನ ಹಂಚಿಕೆ. ಹೊರದೇಶದ ಹಡಗಿಗೆ ಇದು ಒಟ್ಟಾಗಿ ಭಾರತದ ಕಡಲು.

ಕಡಲು ನಮ್ಮದೇ ಆದರೂ ನೆಲದ ಹಾಗೆ ಪೂರ್ತಿ ಬಾಗಿಲು ಹಾಕುವಂತಿಲ್ಲ. 1982ರಲ್ಲಿ ಒಪ್ಪಿಗೆಯಾಗಿ 1994ರ ನವೆಂಬರ್‌ನಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ, ಎಲ್ಲಾ ದೇಶಗಳ ಹಡಗುಗಳಿಗೂ ಇನ್ನೊಬ್ಬರ ಪ್ರಾದೇಶಿಕ ಸಮುದ್ರದಲ್ಲಿ ತಂಟೆ ಮಾಡದೆ ಹಾದುಹೋಗುವ ಹಕ್ಕು ಕೊಡುತ್ತದೆ. ಸುದ್ದಿಯಲ್ಲಿ 'ಇನ್ನೊಸೆಂಟ್ ಪ್ಯಾಸೇಜ್' ಅಂತ ಬರುವುದು ಇದೇ. ಭಾರತ 1995ರಲ್ಲಿ ಈ ಒಪ್ಪಂದಕ್ಕೆ ಸೇರಿತು.

ತಂಟೆ ಎಂದರೆ ಏನು? ಒಪ್ಪಂದದ 19ನೇ ವಿಧಿಯಲ್ಲಿ ಪಟ್ಟಿಯೇ ಇದೆ. ಬಲಪ್ರಯೋಗ ಅಥವಾ ಅದರ ಬೆದರಿಕೆ, ಆಯುಧಗಳ ಅಭ್ಯಾಸ, ಗುಟ್ಟು ಕಲೆಹಾಕುವುದು, ಹಡಗಿನಿಂದ ಹೆಲಿಕಾಪ್ಟರ್ ಹಾರಿಸುವುದು ಅಥವಾ ಇಳಿಸುವುದು, ಸರ್ವೆ ಮಾಡುವುದು, ಮೀನು ಹಿಡಿಯುವುದು ಯಾವುದೂ ಆಗದು. ಕೊನೆಗೆ, ಸಾಗುವುದಕ್ಕೆ ನೇರವಾಗಿ ಸಂಬಂಧವಿಲ್ಲದ ಯಾವ ಕೆಲಸವೂ ಆಗದು ಎಂಬ ಮಾತೂ ಇದೆ. ತಡೆಯಿಲ್ಲದೆ, ಬೇಗ ಬೇಗ ದಾಟಬೇಕು. ಎಂಜಿನ್ ಕೆಟ್ಟರೆ, ಅಪಾಯ ಬಂದರೆ, ಕಷ್ಟದಲ್ಲಿದ್ದವರಿಗೆ ನೆರವಾಗಬೇಕಿದ್ದರೆ ನಿಲ್ಲಬಹುದು. ಸಬ್‌ಮರಿನ್ ಆದರೆ ನೀರಿನ ಮೇಲೆ ಬಂದು ಧ್ವಜ ತೋರಿಸಿಯೇ ಹೋಗಬೇಕು. ವಿಮಾನಗಳಿಗೆ ಈ ಹಕ್ಕೇ ಇಲ್ಲ.

ಯುದ್ಧನೌಕೆ ಮೊದಲೇ ಹೇಳಿ ಬರಬೇಕೇ ಎಂಬುದನ್ನು ಒಪ್ಪಂದ ಬಾಯಿಬಿಟ್ಟು ಹೇಳುವುದಿಲ್ಲ. ಹಾಗೊಂದು ನಿಯಮ ಸೇರಿಸಬೇಕೆಂದು ಕೆಲವು ದೇಶಗಳು 1982ರಲ್ಲಿ ತಿದ್ದುಪಡಿ ತಂದವು, ಆದರೆ ಕೊನೆಗೆ ಮತಕ್ಕೆ ಹಾಕಲು ಪಟ್ಟು ಹಿಡಿಯಲಿಲ್ಲ. ಆ ಖಾಲಿ ಜಾಗದಲ್ಲೇ ಇವತ್ತಿನ ಅರ್ಧ ಜಗಳ ಇದೆ. ಚೀನಾದ 1992ರ ಕಾನೂನು ಅನುಮತಿ ಕೇಳುತ್ತದೆ. ಭಾರತದ 1976ರ ಕಾನೂನು ಅಷ್ಟು ದೂರ ಹೋಗುವುದಿಲ್ಲ. ಕೇಂದ್ರ ಸರಕಾರಕ್ಕೆ ಮೊದಲೇ ಸೂಚನೆ ಕೊಟ್ಟು ಬರಬಹುದು ಎನ್ನುತ್ತದೆ. ಅಮೆರಿಕ ಎರಡನ್ನೂ ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಭಾರತದ ನಿಲುವು ನ್ಯಾಯವಾಗಿದೆ. ಬರಬೇಡಿ ಅಂತ ಅದು ಹೇಳುವುದಿಲ್ಲ, ಬರುವುದು ಗೊತ್ತಿರಲಿ ಎನ್ನುತ್ತದೆ. ರಾತ್ರಿ ಬಲೆ ಹಾಕಿ ಕೂತ ನೂರಾರು ದೋಣಿಗಳಿರುವ ಕರಾವಳಿಗೆ ಇಷ್ಟು ಕೇಳುವ ಅಧಿಕಾರ ಇರಬೇಕು, ಅಲ್ವಾ?

ಮಾತು ಇಲ್ಲಿಗೆ ಬಂದಾಗ ಹೆಚ್ಚಿನವರು ಲಕ್ಷದ್ವೀಪದ ಸುದ್ದಿ ನೆನಪಿಸುತ್ತಾರೆ. 2021ರ ಏಪ್ರಿಲ್ 7ರಂದು ಅಮೆರಿಕದ 'ಜಾನ್ ಪಾಲ್ ಜೋನ್ಸ್' ಎಂಬ ಡಿಸ್ಟ್ರಾಯರ್ ಭಾರತದ ಒಪ್ಪಿಗೆ ಕೇಳದೆ ಹೋಯಿತು. ಹಾಗೆ ಹೋಗಿದ್ದನ್ನು ಅಮೆರಿಕದ ನೌಕಾಪಡೆಯೇ ಹೇಳಿಕೆ ಕೊಟ್ಟು ಸಾರಿತು. ನಮ್ಮ ಜಿಲ್ಲೆಯವರಿಗೆ ಆ ದ್ವೀಪಗಳು ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಎಲ್ಲಾ 1956ರ ತನಕ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಾಗಾಗಿ ಅವತ್ತು ಇಲ್ಲಿ ಹಲವರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಆ ಹಡಗು ಇದ್ದದ್ದು ದ್ವೀಪಗಳಿಂದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲು ದೂರದಲ್ಲಿ. ಅದು ಪ್ರಾದೇಶಿಕ ಸಮುದ್ರದ ಹೊರಗೆ, 200 ನಾಟಿಕಲ್ ಮೈಲಿನ ವಿಶೇಷ ಆರ್ಥಿಕ ವಲಯದ ಒಳಗೆ. ಆ ವಲಯದಲ್ಲಿ ನಮಗಿರುವುದು ಮೀನು, ತೈಲ, ಖನಿಜದಂಥ ಸಂಪತ್ತಿನ ಹಕ್ಕು. ಹಡಗು ಓಡಾಡಲು ಎಲ್ಲರಿಗೂ ಸ್ವಾತಂತ್ರ್ಯ ಇದೆ. ಅಲ್ಲಿ ಸೇನಾ ಕವಾಯತು ನಡೆಸಲು ನಮ್ಮ ಒಪ್ಪಿಗೆ ಬೇಕೆಂಬುದು ಭಾರತದ ವಾದ, ಬೇಡವೆಂಬುದು ಅಮೆರಿಕದ ವಾದ. ಈಗ ನಾವು ಮಾತಾಡುತ್ತಿರುವ ಹಾದುಹೋಗುವ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ತಕರಾರಿನ ಕಡಲಿಗೆ ಬರೋಣ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಅಡಿಕೆ ತೋಟದ ಪಾಲಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದುಂಟು. ಆ ತೋಟದ ನಡುವೆ ಊರವರು ಮೊದಲಿನಿಂದ ನಡೆದು ಬಂದ ಕಾಲುದಾರಿ ಇದ್ದರೆ ಅದು ನಿಲ್ಲುವುದಿಲ್ಲ. ತೋಟ ಯಾರ ಪಾಲಿಗೆ ಬಂದರೂ ದಾರಿ ಬಿಡಲೇಬೇಕು. ದಾರಿಯಲ್ಲಿ ನಡೆದವನನ್ನು ಸಾಕ್ಷಿಗೆ ಕರೆದು 'ಇವನು ನಡೆದದ್ದರಿಂದ ತೋಟ ನನ್ನದು' ಅಂತ ಅಣ್ಣನೂ ಹೇಳಲಾರ, ತಮ್ಮನೂ ಹೇಳಲಾರ. ಹಾದುಹೋಗುವ ಹಕ್ಕೂ ಹಾಗೆಯೇ. ಕಡಲು ಯಾರದ್ದೇ ಆಗಿರಲಿ, ಆ ಹಕ್ಕು ಅವರ ವಿರುದ್ಧ ನಿಲ್ಲುತ್ತದೆ.

ಇದಕ್ಕೆ ಚೆನ್ನಾದ ಉದಾಹರಣೆ 2016ರ ಜನವರಿ 30ರದ್ದು. ದಕ್ಷಿಣ ಚೀನಾ ಸಮುದ್ರದ ಪ್ಯಾರಾಸೆಲ್ ದ್ವೀಪಗಳಲ್ಲಿ ಟ್ರೈಟನ್ ಎಂಬ ಸಣ್ಣ ದ್ವೀಪ ಇದೆ. ಚೀನಾದ ಹಿಡಿತದಲ್ಲಿದೆ, ವಿಯೆಟ್ನಾಂ ಮತ್ತು ತೈವಾನ್ ಕೂಡ ತಮ್ಮದೆನ್ನುತ್ತವೆ. ಅಮೆರಿಕದ 'ಕರ್ಟಿಸ್ ವಿಲ್ಬರ್' ಎಂಬ ಹಡಗು ಅದರ 12 ನಾಟಿಕಲ್ ಮೈಲಿನ ಒಳಗೆ ಹೋಯಿತು. ಮೂವರಲ್ಲಿ ಯಾರಿಗೂ ಮೊದಲು ಹೇಳಲಿಲ್ಲ. ದ್ವೀಪ ಯಾರದ್ದೆಂಬ ಬಗ್ಗೆ ತನಗೆ ಯಾವ ನಿಲುವೂ ಇಲ್ಲ, ಮೊದಲೇ ಕೇಳಬೇಕು ಅಥವಾ ತಿಳಿಸಬೇಕು ಎಂಬ ಮೂವರ ಷರತ್ತನ್ನೂ ತಾನು ಒಪ್ಪುವುದಿಲ್ಲ ಎಂದಿತು ಅಮೆರಿಕ. ಮಾಲೀಕ ಯಾರೆಂದು ತೀರ್ಮಾನಿಸದೆಯೇ ಹಕ್ಕನ್ನು ಬಳಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪ್ರಸಂಗ ನನಗೆ ಗೊತ್ತಿಲ್ಲ.

ಅಲ್ಲಿಂದ ದಕ್ಷಿಣಕ್ಕೆ, ಸ್ಪ್ರಾಟ್ಲಿ ದ್ವೀಪಗಳ ನಡುವಿನ ಮಿಸ್ಚೀಫ್ ರೀಫ್‌ನಲ್ಲಿ ಕತೆ ಬೇರೆ. ಅದು ಭರತದಲ್ಲಿ ಮುಳುಗುವ, ಇಳಿತದಲ್ಲಿ ಮಾತ್ರ ತಲೆ ಎತ್ತುವ ಹವಳದ ದಿಬ್ಬವಾಗಿತ್ತು. ಚೀನಾ ಅದರ ಮೇಲೆ ಮರಳು ತುಂಬಿ ರನ್‌ವೇ ಕಟ್ಟಿತು. ಅಂಥ ದಿಬ್ಬಕ್ಕೆ ತನ್ನದೇ ಆದ ಪ್ರಾದೇಶಿಕ ಸಮುದ್ರ ಇಲ್ಲ, ಮಣ್ಣು ತುಂಬಿದ್ದರಿಂದ ಹೊಸದಾಗಿ ಬರುವುದೂ ಇಲ್ಲ. ಫಿಲಿಪ್ಪೀನ್ಸ್ ಹೂಡಿದ ಮೊಕದ್ದಮೆಯಲ್ಲಿ 2016ರ ಜುಲೈ 12ರಂದು ಬಂದ ತೀರ್ಪಿನಲ್ಲಿ ಮಿಸ್ಚೀಫ್ ರೀಫ್ ಇಂಥದ್ದೇ ದಿಬ್ಬವೆಂದು ಹೇಳಲಾಯಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ. ಮುಂದಿನ ವರ್ಷದ ಮೇ ತಿಂಗಳಲ್ಲಿ ಅಮೆರಿಕದ 'ಡ್ಯೂಯಿ' ಎಂಬ ಹಡಗು ಅಲ್ಲಿಗೆ ಹೋಗಿ, ಅಂಕುಡೊಂಕಾಗಿ ಸಾಗಿ, ಮನುಷ್ಯ ನೀರಿಗೆ ಬಿದ್ದರೆ ಎತ್ತುವ ಅಭ್ಯಾಸ ನಡೆಸಿತು. ಬೇಕೆಂದೇ ಹಾಗೆ ಮಾಡಿದ್ದು. ನೇರವಾಗಿ, ಬೇಗನೆ ದಾಟಿಬಿಟ್ಟಿದ್ದರೆ ಅದು ಪ್ರಾದೇಶಿಕ ಸಮುದ್ರದಲ್ಲಿ ನಡೆದುಕೊಳ್ಳುವ ರೀತಿ ಆಗುತ್ತಿತ್ತು. ಅಭ್ಯಾಸ ಮಾಡಿದ್ದರಿಂದ 'ಇದು ಯಾರ ಪ್ರಾದೇಶಿಕ ಸಮುದ್ರವೂ ಅಲ್ಲ' ಎಂದು ಹೇಳಿದಂತಾಯಿತು. ಹಾಗಾಗಿ ಮುಂದೆ ಇಂಥ ಸುದ್ದಿ ಓದುವಾಗ ಹಡಗು ಎಷ್ಟು ಹತ್ತಿರ ಹೋಯಿತು ಎಂಬುದಕ್ಕಿಂತ ಅಲ್ಲಿ ಏನು ಮಾಡಿತು ಎಂಬುದನ್ನು ನೋಡಿ. ಅದರ ದೇಶ ಆ ಕಡಲನ್ನು ಏನೆಂದು ತಿಳಿದಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಬಿಸಿಯಾದ ಪ್ರಸಂಗ ಕಪ್ಪು ಸಮುದ್ರದ್ದು. 2021ರ ಜೂನ್ 23ರಂದು ಬ್ರಿಟನ್ನಿನ 'ಡಿಫೆಂಡರ್' ಉಕ್ರೇನಿನ ಒಡೆಸಾದಿಂದ ಜಾರ್ಜಿಯಾಕ್ಕೆ ಹೊರಟಿತ್ತು. ದಾರಿಯಲ್ಲಿ ಕ್ರಿಮಿಯಾದ ನೈಋತ್ಯ ತುದಿ. 2014ರಿಂದ ಕ್ರಿಮಿಯಾ ರಷ್ಯಾದ ಹಿಡಿತದಲ್ಲಿದೆ, ಬ್ರಿಟನ್ ಅದನ್ನು ಉಕ್ರೇನಿನದ್ದೆಂದೇ ಪರಿಗಣಿಸುತ್ತದೆ. ಹಡಗು 12 ನಾಟಿಕಲ್ ಮೈಲಿನ ಒಳಗೆ, ಹಡಗುಗಳಿಗೆಂದು ಗುರುತಿಸಿದ ದಾರಿಯಲ್ಲೇ ಸಾಗಿತು. ರಷ್ಯಾದ ಹಡಗು ಪಕ್ಕದಲ್ಲಿ ಬಂದಿತು, ವಿಮಾನಗಳು ಮೇಲೆ ಹಾರಿದವು, ದಾರಿ ಬದಲಿಸದಿದ್ದರೆ ಗುಂಡು ಹಾರಿಸುತ್ತೇವೆ ಅಂತ ರೇಡಿಯೋದಲ್ಲಿ ಎಚ್ಚರಿಕೆ ಬಂತು. ಇದನ್ನೆಲ್ಲ ಹಡಗಿನಲ್ಲೇ ಇದ್ದ ಬಿಬಿಸಿ ವರದಿಗಾರರು ಚಿತ್ರೀಕರಿಸಿದರು. ಎಚ್ಚರಿಕೆಯ ಗುಂಡು ಹಾರಿಸಿದೆವು, ದಾರಿಗಡ್ಡವಾಗಿ ಬಾಂಬ್ ಕೂಡ ಹಾಕಿದೆವು ಎಂದಿತು ರಷ್ಯಾ. ನಮ್ಮ ಮೇಲೆ ಗುಂಡು ಹಾರಿಲ್ಲ, ಅವರು ಅವರ ಅಭ್ಯಾಸ ಮಾಡುತ್ತಿದ್ದರು ಎಂದಿತು ಬ್ರಿಟನ್.

ಕಾನೂನಿನ ಗಂಟು ಇರುವುದು ಇಲ್ಲಿ. ಆ ವರ್ಷದ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಕ್ರಿಮಿಯಾದ ಬಳಿಯ ಕೆಲವು ಜಾಗಗಳಲ್ಲಿ ವಿದೇಶಿ ಯುದ್ಧನೌಕೆಗಳ ಸಂಚಾರ ನಿಲ್ಲಿಸಿದ್ದೇನೆ ಎಂದು ರಷ್ಯಾ ಮೊದಲೇ ಸಾರಿತ್ತು. ಹಾಗೆ ಸ್ವಲ್ಪ ಕಾಲ ನಿಲ್ಲಿಸುವ ಅಧಿಕಾರ ಒಪ್ಪಂದದ 25ನೇ ವಿಧಿಯಲ್ಲಿ ಇದೆ. ಆದರೆ ಅದು ದಡದ ಒಡೆಯನಿಗೆ ಮಾತ್ರ. ದಡ ಉಕ್ರೇನಿನದ್ದಾದರೆ ರಷ್ಯಾದ ಆದೇಶಕ್ಕೆ ಬೆಲೆಯೇ ಇಲ್ಲ. ಅಂದರೆ ಹಾದುಹೋಗುವ ಹಕ್ಕಿಗೆ ಮಾಲೀಕ ಯಾರೆಂಬುದು ಬೇಕಿಲ್ಲದಿದ್ದರೂ, ಅದನ್ನು ತಡೆಯುವ ಅಧಿಕಾರಕ್ಕೆ ಬೇಕೇ ಬೇಕು. ತಡೆಯುವವನೇ ಮೊದಲು ತನ್ನ ಒಡೆತನ ತೋರಿಸಬೇಕು. ನನಗೆ ಇದು ಈ ಕಾನೂನಿನ ಅತ್ಯಂತ ಮುಖ್ಯ ಅಂಶವಾಗಿ ಕಾಣುತ್ತದೆ.

'ಸುತ್ತಿ ಹೋಗಬಹುದಿತ್ತಲ್ಲ, ಕೆಣಕಲೆಂದೇ ಹೋದರು' ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಆದರೂ 19ನೇ ವಿಧಿಯ ಪಟ್ಟಿ ಹೆಚ್ಚಾಗಿ ಎಣಿಸುವುದು ಹಡಗು ಮಾಡಿದ ಕೆಲಸವನ್ನು. ಹಕ್ಕನ್ನು ಒತ್ತಿ ತೋರಿಸಲು ಹೋದದ್ದೇ ತಪ್ಪಾಗುವುದಿಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯ 1949ರಲ್ಲೇ ಇದನ್ನು ಹೇಳಿದೆ. 1946ರ ಅಕ್ಟೋಬರ್ 22ರಂದು ಅಲ್ಬೇನಿಯಾ ಮತ್ತು ಗ್ರೀಸ್‌ನ ಕೋರ್ಫು ದ್ವೀಪದ ನಡುವಿನ ಇಕ್ಕಟ್ಟಾದ ಜಲಮಾರ್ಗದಲ್ಲಿ ಬ್ರಿಟನ್ನಿನ ಎರಡು ಡಿಸ್ಟ್ರಾಯರ್‌ಗಳು ನೀರಿನಲ್ಲಿ ಹುದುಗಿಸಿಟ್ಟ ಮೈನ್ ಎಂಬ ಸ್ಫೋಟಕಕ್ಕೆ ತಗಲಿ 44 ನಾವಿಕರು ಸತ್ತರು. ಅಲ್ಬೇನಿಯಾ ದಾರಿ ಬಿಡುತ್ತದೋ ಎಂದು ಪರೀಕ್ಷಿಸುವುದೂ ಆ ಪ್ರಯಾಣದ ಉದ್ದೇಶವಾಗಿತ್ತು. ಆದರೂ ಆ ಸಂಚಾರ ನ್ಯಾಯವೇ, ಮೈನ್ ಇರುವುದನ್ನು ಹೇಳದ ಅಲ್ಬೇನಿಯಾ ಹೊಣೆ ಎಂದಿತು ಕೋರ್ಟು. ಮೂರು ವಾರ ಬಿಟ್ಟು ಬ್ರಿಟನ್ ಅದೇ ನೀರಿಗೆ ಮತ್ತೆ ಹೋಗಿ, ಒಪ್ಪಿಗೆ ಇಲ್ಲದೆ ಮೈನ್ ತೆಗೆದದ್ದು ಮಾತ್ರ ತಪ್ಪು ಎಂದಿತು. ಒಂದೇ ನೀರು, ಒಂದೇ ನೌಕಾಪಡೆ. ಹಾದುಹೋದದ್ದು ಸರಿ, ಕೆಲಸ ಮಾಡಿದ್ದು ತಪ್ಪು.

ಹಾಗಾದರೆ ನಿಯಮ ಮೀರಿದ ಯುದ್ಧನೌಕೆಯನ್ನು ದಡದ ದೇಶ ಏನು ಮಾಡಬಹುದು? ಹತ್ತಿ ತಪಾಸಣೆ ಮಾಡುವಂತಿಲ್ಲ, ಹಿಡಿದಿಡುವಂತಿಲ್ಲ. ಯುದ್ಧನೌಕೆಗೆ ಆ ರಕ್ಷಣೆ ಇದೆ. ನಿಯಮ ಪಾಲಿಸಿ ಎನ್ನಬೇಕು, ಕೇಳದಿದ್ದರೆ ಕೂಡಲೇ ಹೊರಗೆ ಹೋಗಿ ಎನ್ನಬಹುದು. ಹಾನಿಯಾದರೆ ಆ ಹಡಗಿನ ದೇಶವೇ ಹೊಣೆ. 1988ರ ಫೆಬ್ರವರಿ 12ರಂದು ಕಪ್ಪು ಸಮುದ್ರದಲ್ಲಿ ಸೋವಿಯತ್ ಹಡಗುಗಳು ಅಮೆರಿಕದ ಎರಡು ಹಡಗುಗಳಿಗೆ ಡಿಕ್ಕಿ ಹೊಡೆದೇ ಹೊರಗೆ ನೂಕಲು ನೋಡಿದವು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳು ಕೂತು, ಯುದ್ಧನೌಕೆಗೂ ಈ ಹಕ್ಕು ಇದೆ, ಮೊದಲೇ ತಿಳಿಸಬೇಕಾಗಿಲ್ಲ ಎಂದು ಬರೆದು ಸಹಿ ಹಾಕಿದವು. ಆ ಕಾಗದಕ್ಕೆ ಭಾರತ ಕಟ್ಟುಬಿದ್ದಿಲ್ಲ.

ಕಾಸರಗೋಡಿನ ಎದುರಿನ ಕಡಲಿನಲ್ಲಿ ಬೇರೆ ದೇಶದ ಜತೆ ಗಡಿ ತಕರಾರು ಇಲ್ಲ. ಭಾರತಕ್ಕೆ ಅಂಥ ತಲೆನೋವು ಇರುವುದು ಗುಜರಾತಿನ ಸರ್ ಕ್ರೀಕ್ ಕಡೆ, ಪಾಕಿಸ್ತಾನದೊಂದಿಗೆ. ಇಲ್ಲಿ ವಿದೇಶಿ ಯುದ್ಧನೌಕೆ ಹಾದುಹೋದರೆ ಸೂಚನೆ ದೆಹಲಿಗೆ ಹೋಗುತ್ತದೆ, ಬೋಟಿನವರಿಗೆ ಬರಬೇಕೆಂದಿಲ್ಲ. ಆದ್ದರಿಂದ ಕಡಲಲ್ಲಿ ಗುರುತಿಲ್ಲದ ಹಡಗು ನಿಂತಿರುವುದೋ, ಏನಾದರೂ ನೀರಿಗೆ ಇಳಿಸುವುದೋ ಕಂಡರೆ ಹತ್ತಿರ ಹೋಗಬೇಡಿ. ಜಿಪಿಎಸ್‌ನಲ್ಲಿ ಕಾಣುವ ಜಾಗ, ಹೊತ್ತು, ಹಡಗು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಬರೆದುಕೊಂಡು ಕೋಸ್ಟ್ ಗಾರ್ಡ್‌ನ 1554ಕ್ಕೋ ಕರಾವಳಿ ಪೊಲೀಸರ 1093ಕ್ಕೋ ತಿಳಿಸಿ. ಅದು ನಿಯಮದಂತೆ ಹೋಗುತ್ತಿದೆಯೋ ಇಲ್ಲವೋ ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ.