ಮಳೆಹನಿಗೂ ಒಂದು ಸ್ಪೀಡ್ ಲಿಮಿಟ್ ಇದೆ

2 ಕಿಲೋಮೀಟರ್ ಎತ್ತರದ ಮೋಡದಿಂದ ಒಂದು ಹನಿ ಬೀಳ್ತಿದೆ, ಮಧ್ಯೆ ಗಾಳಿನೇ ಇಲ್ಲ ಅಂದ್ಕೊಳ್ಳಿ, ನೆಲ ಮುಟ್ಟೋ ಹೊತ್ತಿಗೆ ಅದರ ಸ್ಪೀಡು ಗಂಟೆಗೆ 700 ಕಿಲೋಮೀಟರ್ ದಾಟಿರುತ್ತೆ. ಅಂಥ ಮಳೆಗೆ ಛತ್ರಿ ಹಾಗಿರ್ಲಿ, ಬೆಳೆನೂ ಉಳಿಯಲ್ಲ. ನಿಜವಾಗಿ 2 ಮಿಲಿಮೀಟರ್ ದಪ್ಪದ ಹನಿ ಬರೋದು ಸೆಕೆಂಡಿಗೆ ಆರೂವರೆ ಮೀಟರ್ ಸ್ಪೀಡಲ್ಲಿ, ಅಂದ್ರೆ ಗಂಟೆಗೆ 23-24 ಕಿಲೋಮೀಟರ್ ಅಷ್ಟೇ.

ಹನಿಯ ತೂಕ ಬದಲಾಗಲ್ಲ, ಆದ್ರೆ ಸ್ಪೀಡು ಏರಿದ ಹಾಗೆಲ್ಲಾ ಗಾಳಿಯ ತಡೆ ಏರ್ತಾ ಹೋಗುತ್ತೆ, ಒಂದು ಹಂತದಲ್ಲಿ ಎರಡೂ ಸಮ ಆಗ್ಬಿಡುತ್ತೆ. ಬಲ ಸಮ ಆದ್ರೆ ಹನಿ ಅಲ್ಲೇ ನಿಲ್ಬೇಕಲ್ವಾ ಅಂತ ತುಂಬಾ ಜನ ಕೇಳ್ತಾರೆ, ಒಳ್ಳೆ ಪ್ರಶ್ನೆನೇ. ನಿಲ್ಲೋದು ಸ್ಪೀಡು ಏರೋದು ಮಾತ್ರ, ಹನಿ ಅದೇ ಸ್ಪೀಡಲ್ಲಿ ಇಳೀತಾ ಇರುತ್ತೆ. ಇದನ್ನೇ ಟರ್ಮಿನಲ್ ವೆಲಾಸಿಟಿ ಅನ್ನೋದು. ನಮ್ಮ 2 ಮಿಲಿಮೀಟರ್ ಹನಿ ಮೊದಲ ಹತ್ತು ಮೀಟರ್ ಬೀಳೋಷ್ಟರಲ್ಲೇ ಹೆಚ್ಚುಕಮ್ಮಿ ಆ ಸ್ಪೀಡಿಗೆ ಬಂದಿರುತ್ತೆ.

ನನಗೆ ಇದಕ್ಕಿಂತ ಇಷ್ಟ ಆಗೋದು ಮೋಡದೊಳಗಿನ ಕಥೆ. ಅಲ್ಲಿನ ನೀರಿನ ಕಣಗಳು ಸುಮಾರು 0.02 ಮಿಲಿಮೀಟರ್, ಬೀಳೋ ಸ್ಪೀಡು ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ಚೂರು ಜಾಸ್ತಿ, ಒಂದು ಕಿಲೋಮೀಟರ್ ಇಳಿಯೋಕೆ ಹತ್ರಹತ್ರ ಒಂದು ದಿನ ಬೇಕು! ಕೆಳಗಿಂದ ಸಣ್ಣಗೆ ಗಾಳಿ ಮೇಲೆದ್ರೂ ಸಾಕು, ಬೀಳೋದೇ ಇಲ್ಲ, ಮೋಡ ತೇಲೋದು ಹೀಗೇ. ಇಷ್ಟು ಚಿಕ್ಕ ಕಣಗಳ ಲೆಕ್ಕ ಕೊಟ್ಟಿದ್ದು ಜಾರ್ಜ್ ಸ್ಟೋಕ್ಸ್ ಅನ್ನೋ ವಿಜ್ಞಾನಿ, 1851ರಲ್ಲಿ. ಸೈಜು ಎರಡರಷ್ಟಾದ್ರೆ ತೂಕ ಎಂಟರಷ್ಟಾಗುತ್ತೆ, ಅದೇ ಸ್ಪೀಡಲ್ಲಿ ಗಾಳಿಯ ತಡೆ ಮಾತ್ರ ಎರಡರಷ್ಟು, ಹಾಗಾಗಿ ಬೀಳೋ ಸ್ಪೀಡು ನಾಲ್ಕರಷ್ಟಾಗುತ್ತೆ. ಮುಂದೆ ಅಮೆರಿಕದ ವಿಜ್ಞಾನಿ ಮಿಲಿಕನ್ ಎಲೆಕ್ಟ್ರಾನಿನ ಚಾರ್ಜ್ ಅಳೆದಾಗ ಎಣ್ಣೆ ಹನಿಗಳ ಸೈಜು ಕಂಡುಹಿಡಿದಿದ್ದು ಅವು ಬೀಳೋ ಸ್ಪೀಡ್ ನೋಡಿ, ಇದೇ ಸೂತ್ರದಿಂದ (ಅಷ್ಟು ಸಣ್ಣ ಹನಿಗೆ ಅಂತ ಅದನ್ನ ಸ್ವಲ್ಪ ತಿದ್ದಬೇಕಾಯ್ತು).

ಅಂಥ ಹತ್ತು ಲಕ್ಷ ಕಣ ಸೇರಿದ್ರೆ ಒಂದು 2 ಮಿಲಿಮೀಟರ್ ಹನಿ. ಇಲ್ಲಿಗೆ ಬರೋ ಹೊತ್ತಿಗೆ ಸ್ಟೋಕ್ಸ್ ಸೂತ್ರ ನಡೆಯಲ್ಲ, ಹನಿಯ ಹಿಂದೆ ಗಾಳಿ ಸುಳಿಸುಳಿಯಾಗಿ ಏಳುತ್ತೆ, ತಡೆ ಹೆಚ್ಚುಕಮ್ಮಿ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರುತ್ತೆ (ಸ್ಪೀಡು ಎರಡರಷ್ಟಾದ್ರೆ ತಡೆ ನಾಲ್ಕರಷ್ಟು). ಜರ್ಮನಿಯ ವಿಜ್ಞಾನಿ ಫಿಲಿಪ್ ಲೆನಾರ್ಡ್ ಕೆಳಗಿಂದ ಗಾಳಿ ಊದಿ ಹನಿಗಳನ್ನ ತೇಲಿಸಿ ನೋಡಿದ್ರು, 1904ರಲ್ಲಿ ಅದನ್ನ ಪ್ರಕಟ ಮಾಡಿದ್ರು. ಚಿತ್ರದಲ್ಲಿ ಬರೆಯೋ ಥರ ಮಳೆಹನಿಗೆ ಮೇಲೆ ಚೂಪು ತುದಿ ಇರಲ್ಲ, ಸಣ್ಣದು ಗುಂಡಗಿರುತ್ತೆ, ದೊಡ್ಡದು ಅಡಿಯಲ್ಲಿ ಚಪ್ಪಟೆಯಾಗಿ ಬನ್ ಥರ ಆಗುತ್ತೆ. ಐದಾರು ಮಿಲಿಮೀಟರ್ ದಾಟಿದ್ರೆ ಗಾಳಿಯ ಒತ್ತಡಕ್ಕೆ ಅಡಿಭಾಗ ಒಳಗೆ ಹೋಗಿ, ಚೀಲದ ಹಾಗೆ ಉಬ್ಬಿ ಒಡೆದುಹೋಗುತ್ತೆ. ಅದಕ್ಕೇ ಎಂಥಾ ಜಡಿಮಳೆ ಬಂದ್ರೂ ಹನಿಗಳು ಸೆಕೆಂಡಿಗೆ 9 ಮೀಟರ್ ಆಸುಪಾಸಲ್ಲೇ ನಿಲ್ಲೋದು. ಆಲಿಕಲ್ಲಿಗೆ ಈ ಮಿತಿ ಇಲ್ಲ, ಗಟ್ಟಿ ಐಸು, ಹಾಗೆ ಒಡೆಯಲ್ಲ, ದೊಡ್ಡದಾದಷ್ಟೂ ಸ್ಪೀಡು ಏರ್ತಾನೇ ಹೋಗುತ್ತೆ, ಕಾರಿನ ಗ್ಲಾಸ್ ಒಡೆಯೋದೂ ದ್ರಾಕ್ಷಿ ತೋಟ ಹಾಳಾಗೋದೂ ಅದರಿಂದಲೇ.