ಕಮೋಡ್ ಹಿಂದಿನ ಜೋಡಣೆ ಸೋರಿದರೆ: ಮೊದಲು ಪತ್ತೆ, ಆಮೇಲೆ ರಿಪೇರಿ

ಹೊಸ ಕಮೋಡ್ ಕೂರಿಸಿದ ಮೇಲೆ, ಅಥವಾ ಟೈಲ್ಸ್ ಕೆಲಸಕ್ಕೆ ಹಳೆಯದನ್ನೇ ತೆಗೆದು ಮತ್ತೆ ಇಟ್ಟ ಮೇಲೆ ಬರುವ ದೂರು ಸಾಮಾನ್ಯವಾಗಿ ಎರಡು. ಬುಡದಲ್ಲಿ ನೀರು ಒಸರುತ್ತದೆ. ಇಲ್ಲವೇ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಎರಡಕ್ಕೂ ಮೊದಲು ಅನುಮಾನ ಪಡಬೇಕಾದ ಜಾಗ ಒಂದೇ: ಕಮೋಡಿನ ಹೊರಬಾಯಿ ಮಲದ ಪೈಪಿಗೆ ಸೇರುವ ಕಡೆ.

ಈ ಜಾಗದಲ್ಲಿ ಒತ್ತಡದ ನೀರಿಲ್ಲ. ಫ್ಲಶ್ ಮಾಡಿದ ಕೆಲವು ಕ್ಷಣ ಮಾತ್ರ ನೀರು ನುಗ್ಗುತ್ತದೆ, ಆಮೇಲೆ ಖಾಲಿ. ಹಾಗಾಗಿ ಸೋರಿಕೆಯೂ ಫ್ಲಶ್ ಆದಾಗ ಮಾತ್ರ. ದಿನವಿಡೀ ತೊಟ್ಟಿಕ್ಕುತ್ತಿದ್ದರೆ ತಪ್ಪು ಬೇರೆ ಕಡೆ ಇದೆ: ಟ್ಯಾಂಕಿಗೆ ನೀರು ಬರುವ ಪೈಪು, ಆಂಗಲ್ ಕಾಕ್, ಇಲ್ಲವೇ ಟ್ಯಾಂಕಿನ ಕೆಳಗಿನ ವಾಷರ್. ತಣ್ಣನೆಯ ಟ್ಯಾಂಕಿನ ಹೊರಮೈ ಬೆವರಿ ನೀರು ಇಳಿಯುವುದೂ ಉಂಟು. ಇದನ್ನು ಬೇರ್ಪಡಿಸದೆ ಕಮೋಡ್ ಎತ್ತಿದರೆ ಸುಮ್ನೆ ಕೆಲಸ ಜಾಸ್ತಿ.

ವಾಸನೆಯ ವಿಷಯದಲ್ಲಿ ಕಲಿಯುವವರು ಎಡವುವುದು ಇಲ್ಲಿ. ಕಮೋಡಿನ ಟ್ರ್ಯಾಪಿನಲ್ಲಿ, ಅಂದರೆ ನೀರು ನಿಲ್ಲುವ ಬಾಗಿದ ದಾರಿಯಲ್ಲಿ, ಸಾಮಾನ್ಯವಾಗಿ 50 ಮಿ.ಮೀ. ಆಳದ ನೀರಿನ ತಡೆ ಇರುತ್ತದೆ. ಚರಂಡಿ ಗಾಳಿ ಅದನ್ನು ದಾಟಿ ಬರುವುದಿಲ್ಲ. ಆದರೆ ನಮ್ಮ ಜೋಡಣೆ ಇರುವುದು ಟ್ರ್ಯಾಪ್ ಆದಮೇಲೆ, ಚರಂಡಿಯ ಕಡೆಗೆ. ಅಲ್ಲಿ ಬಿರುಕಿದ್ದರೆ ಟ್ರ್ಯಾಪ್ ತುಂಬ ನೀರಿದ್ದರೂ ಗಾಳಿ ನೇರವಾಗಿ ಕೋಣೆಗೆ ಬರುತ್ತದೆ. ನೀರು ಒಂದು ಹನಿಯೂ ಸೋರದೆ ಗಾಳಿ ಮಾತ್ರ ಸೋರಬಹುದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಮೂಗು ಇದಕ್ಕೆ ಬೇಗ ಒಗ್ಗಿಹೋಗುತ್ತದೆ. ಆದ್ದರಿಂದ ‘ಈಗ ವಾಸನೆ ಇಲ್ಲ’ ಎಂಬ ಮಾತನ್ನು ಅಲ್ಲೇ ಕೂತವರಿಂದ ಕೇಳಬೇಡಿ. ಹೊರಗಿಂದ ಬಂದವರನ್ನು ಕೇಳಿ.

ಪತ್ತೆ ಮಾಡುವುದು ಸುಲಭ. ಜೋಡಣೆ, ಬುಡ, ಟ್ಯಾಂಕಿನ ಕೆಳಭಾಗ ಎಲ್ಲವನ್ನೂ ಒರೆಸಿ ಒಣಗಿಸಿ. ಫ್ಲಶ್ ಮಾಡದೆ ಸ್ವಲ್ಪ ಹೊತ್ತು ಬಿಡಿ. ಆಗಲೂ ಒದ್ದೆಯಾದರೆ ಜೋಡಣೆಯದ್ದಲ್ಲ. ಒಣಗಿಯೇ ಇದ್ದರೆ ಕಮೋಡಿನ ಬೋಗುಣಿಯೊಳಗೆ ಬಣ್ಣ ಹಾಕಿ, ಜೋಡಣೆಯ ಸುತ್ತ ಟಿಶ್ಯೂ ಕಾಗದ ಇಟ್ಟು ಫ್ಲಶ್ ಮಾಡಿ. ಕಾಗದಕ್ಕೆ ಬಣ್ಣ ಹತ್ತಿದರೆ ಉತ್ತರ ಸಿಕ್ಕಿತು. ಬಣ್ಣವನ್ನು ಟ್ಯಾಂಕಿಗೆ ಹಾಕಬೇಡಿ. ಟ್ಯಾಂಕಿನ ವಾಷರ್ ಸೋರಿದರೂ ಅದೇ ಬಣ್ಣ ಇಳಿದು ಗೊಂದಲವಾಗುತ್ತದೆ.

ಇನ್ನು ಕಾರಣಗಳು. ಗೋಡೆಯ ಕಡೆ ಹೋಗುವ ಪಿ-ಟ್ರ್ಯಾಪ್ ಕಮೋಡಿಗೆ ಹೆಚ್ಚಾಗಿ ರಬ್ಬರ್ ರೆಕ್ಕೆಗಳಿರುವ ಪ್ಯಾನ್ ಕನೆಕ್ಟರ್ ಬಳಸುತ್ತಾರೆ. ಇದರ ಒಂದು ತುದಿ ಕಮೋಡಿಗೆ, ಇನ್ನೊಂದು 110 ಮಿ.ಮೀ. ಪೈಪಿಗೆ. ಒಣ ರಬ್ಬರನ್ನು ಬಲವಂತವಾಗಿ ತಳ್ಳಿದರೆ ರೆಕ್ಕೆ ಒಂದು ಕಡೆ ಮಡಚಿಕೊಳ್ಳುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೈಪನ್ನು ಓರೆಯಾಗಿ ಕತ್ತರಿಸಿದ್ದರೆ, ಅಂಚಿನ ಚೂರು ತೆಗೆಯದೆ ಬಿಟ್ಟಿದ್ದರೆ, ಕಮೋಡಿನ ಬಾಯಿ ಮತ್ತು ಪೈಪು ಒಂದೇ ನೇರದಲ್ಲಿ ಇಲ್ಲದಿದ್ದರೆ ಅದೇ ಗತಿ. ಎರಡೂ ನೇರವಿಲ್ಲದಿದ್ದಾಗ ಆಫ್‌ಸೆಟ್ ಕನೆಕ್ಟರ್ ಹಾಕಬೇಕೇ ಹೊರತು ನೇರದ್ದನ್ನೇ ಬಗ್ಗಿಸಿ ಕೂರಿಸಬಾರದು.

ನೆಲಕ್ಕೆ ಇಳಿಯುವ ಎಸ್-ಟ್ರ್ಯಾಪ್ ಕಮೋಡಿನ ಕೆಳಗೆ ವ್ಯಾಕ್ಸ್ ರಿಂಗ್ (ಸಂದು ಮುಚ್ಚುವ ಮೇಣದ ಬಳೆ) ಇದ್ದರೆ ಲೆಕ್ಕ ಬೇರೆ. ಮೇಣ ಒಮ್ಮೆ ಒತ್ತಿಕೊಂಡರೆ ಮತ್ತೆ ಉಬ್ಬುವುದಿಲ್ಲ. ಕಮೋಡ್ ಸ್ವಲ್ಪ ಅಲ್ಲಾಡಿದರೂ ಸಂದು ಉಳಿಯುತ್ತದೆ. ಎತ್ತಿದ ರಿಂಗನ್ನು ಮತ್ತೆ ಬಳಸುವಂತೆಯೇ ಇಲ್ಲ. ಹಳೆ ಟೈಲ್ಸ್ ಮೇಲೆ ಹೊಸ ಟೈಲ್ಸ್ ಹಾಕಿ ನೆಲ ಎತ್ತರವಾದಾಗ ಫ್ಲ್ಯಾಂಜ್ (ನೆಲದಲ್ಲಿ ಪೈಪಿನ ಬಾಯಿಗೆ ಕೂರಿಸಿದ ಅಗಲ ಅಂಚಿನ ಬಳೆ) ತಗ್ಗಿಗೆ ಬೀಳುತ್ತದೆ, ಮೊದಲಿನಷ್ಟೇ ದಪ್ಪದ ರಿಂಗ್ ಅಲ್ಲಿಗೆ ಮುಟ್ಟುವುದಿಲ್ಲ. ಫ್ಲ್ಯಾಂಜ್ ಎತ್ತರಿಸಬೇಕು, ಇಲ್ಲವೇ ದಪ್ಪ ರಿಂಗ್ ಹಾಕಬೇಕು.

ಹೊರಗಿಂದ ಸಿಲಿಕಾನ್ ಬಳಿಯುವುದು, ಎಪಾಕ್ಸಿ ಮೆತ್ತುವುದು, ವೈಟ್ ಸಿಮೆಂಟ್ ತುರುಕುವುದು — ಇವನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ. ಒದ್ದೆ, ಕೊಳಕು ಮೈಗೆ ಸಿಲಿಕಾನ್ ಹಿಡಿಯುವುದಿಲ್ಲ. ಸಿಮೆಂಟ್ ಗಟ್ಟಿ, ಕಮೋಡ್ ಮಿಸುಕಿದರೆ ಅದು ಬಿರುಕು ಬಿಡುತ್ತದೆ, ಮುಂದೆ ತೆಗೆಯುವಾಗ ಪಿಂಗಾಣಿಯೇ ಒಡೆಯಬಹುದು. ಇದಕ್ಕಿಂತ ಕೆಟ್ಟದ್ದು ಬುಡದ ಸುತ್ತ ಪೂರ್ತಿ ಸೀಲ್ ಮಾಡುವುದು. ಸೋರಿಕೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವುದು ನಿಲ್ಲುತ್ತದೆ, ಅಷ್ಟೇ ಅಲ್ವಾ? ಆ ಕೊಳಕು ನೀರು ನೆಲದೊಳಗೆ ಇಳಿಯುತ್ತಲೇ ಇರುತ್ತದೆ.

ಸರಿಯಾದ ದಾರಿ ಬಿಚ್ಚಿ ಕೂರಿಸುವುದೇ. ನೀರು ಬಂದ್ ಮಾಡಿ, ಟ್ಯಾಂಕ್ ಮತ್ತು ಟ್ರ್ಯಾಪಿನ ನೀರು ತೆಗೆಯಿರಿ. ಕೈಗವಸು ಹಾಕಿಕೊಳ್ಳಿ. ಕಮೋಡ್ ಎತ್ತಿದ ಕೂಡಲೇ ಪೈಪಿನ ಬಾಯಿಗೆ ಬಟ್ಟೆ ತುರುಕಿ. ಗಾಳಿ ಬರುವುದಿಲ್ಲ, ಬೋಲ್ಟೂ ಒಳಗೆ ಬೀಳುವುದಿಲ್ಲ. ವಾಪಸ್ ಕೂರಿಸುವ ಮೊದಲು ಬಟ್ಟೆ ತೆಗೆಯುವುದನ್ನು ಮರೆಯಬೇಡಿ. ಸ್ವಚ್ಛ ಮಾಡುವಾಗ ಬ್ಲೀಚ್ ಬಳಸಿದರೆ ಆಸಿಡ್ ಕ್ಲೀನರ್ ಜೊತೆ ಸೇರಿಸಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಹೊಸ ಕನೆಕ್ಟರಿಗೆ ಸಿಲಿಕಾನ್ ಲೂಬ್ರಿಕೆಂಟ್ ಸವರಿ ನೇರವಾಗಿ, ಪೂರ್ತಿ ಒಳಗೆ ತಳ್ಳಿ. ಪೆಟ್ರೋಲಿಯಂ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಕಮೋಡ್ ಅಲ್ಲಾಡದಂತೆ ಕೆಳಗೆ ಶಿಮ್ (ಸಂದಿಗೆ ಕೊಡುವ ತೆಳು ಬಿಲ್ಲೆ) ಕೊಟ್ಟು, ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ.

ಆಮೇಲೆ ಅದೇ ಕಾಗದದ ಪರೀಕ್ಷೆ. ಹಲವು ಬಾರಿ ಫ್ಲಶ್ ಮಾಡಿ, ಮರುದಿನ ಇನ್ನೊಮ್ಮೆ ನೋಡಿ. ಬುಡಕ್ಕೆ ಸೀಲಂಟ್ ಹಾಕುವುದು ಅದಾದ ಮೇಲೆ. ಹಾಕುವಾಗ ಹಿಂಭಾಗದಲ್ಲಿ ಒಂದಿಷ್ಟು ಜಾಗ ಬಿಡಿ. ಮುಂದೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಕಾಣುತ್ತದೆ.