ನಿಮಿರು ದೌರ್ಬಲ್ಯದ ಮಾತ್ರೆ: ಪರೀಕ್ಷೆಯ ವರದಿಯನ್ನು ಓದುವ ಬಗೆ

ರಕ್ತದೊತ್ತಡದ ಮಾತ್ರೆ ಫಲಿಸಿತೇ ಎಂದು ತಿಳಿಯಲು ತೋಳಿಗೆ ಪಟ್ಟಿ ಸುತ್ತಿ ಅಂಕಿ ನೋಡಿದರೆ ಸಾಕು. ನಿಮಿರು ದೌರ್ಬಲ್ಯದ ಮಾತ್ರೆ ಹಾಗಲ್ಲ. ಅದರ ಫಲ ಗೊತ್ತಾಗುವುದು ಮಲಗುವ ಕೋಣೆಯಲ್ಲಿ, ವೈದ್ಯರಿಲ್ಲದ ಕಡೆ. ಹಾಗಿದ್ದರೆ ಅಳೆದದ್ದು ಹೇಗೆ? ವಯಾಗ್ರ ಎಂದು ಹೆಸರಾದ ಸಿಲ್ಡೆನಾಫಿಲ್ ಮಾತ್ರೆಯ ಅಧ್ಯಯನಗಳನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಹಿನ್ನೆಲೆ ಚಿಕ್ಕದು. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯ ಇದನ್ನು ಎದೆನೋವಿಗೆ, ಅಂದರೆ ಆಂಜೈನಾಕ್ಕೆ, ಪರೀಕ್ಷಿಸುತ್ತಿತ್ತು. ಆರೋಗ್ಯವಂತ ಸ್ವಯಂಸೇವಕರು ನಿಮಿರುವಿಕೆಯನ್ನು ಅಡ್ಡ ಪರಿಣಾಮವಾಗಿ ವರದಿ ಮಾಡಿದ ಮೇಲೆ ಸಂಶೋಧನೆಯ ದಿಕ್ಕು ಬದಲಾಯಿತು.

ಲೈಂಗಿಕ ಉದ್ರೇಕವಾದಾಗ ಶಿಶ್ನದಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಅದು ಜೀವಕೋಶದೊಳಗೆ ಸಂದೇಶ ಸಾಗಿಸುವ ಸಿಜಿಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತದೆ, ಸ್ನಾಯು ಸಡಿಲಗೊಂಡು ರಕ್ತ ತುಂಬುತ್ತದೆ. ಸಿಜಿಎಂಪಿಯನ್ನು ಒಡೆಯುವ ಪಿಡಿಇ5 ಕಿಣ್ವವನ್ನು ಮಾತ್ರೆ ತಡೆಯುತ್ತದೆ. ಉದ್ರೇಕವೇ ಇಲ್ಲದಿದ್ದರೆ ತಡೆದೂ ಪ್ರಯೋಜನವಿಲ್ಲ. ಆದ್ದರಿಂದಲೇ 1996ರಲ್ಲಿ ಪ್ರಕಟವಾದ, 12 ಪುರುಷರ ಆರಂಭಿಕ ಅಧ್ಯಯನದಲ್ಲಿ ಅವರಿಗೆ ಉದ್ರೇಕಕಾರಿ ದೃಶ್ಯಗಳನ್ನು ತೋರಿಸಿ, ಗಡಸುತನವನ್ನು ಉಪಕರಣದಿಂದ ಅಳೆದರು.

ಆದರೆ ಪ್ರಯೋಗಾಲಯದ ಗಡಸುತನ ದಾಂಪತ್ಯದ ಅಳತೆಯಲ್ಲ. ದೊಡ್ಡ ಪರೀಕ್ಷೆಗಳಿಗೆ ನಿಮಿರುವ ಸಾಮರ್ಥ್ಯವನ್ನು ಅಳೆಯುವ, 15 ಪ್ರಶ್ನೆಗಳ ಐಐಇಎಫ್ ಎಂಬ ಪ್ರಶ್ನಾವಳಿ ಬಂತು. ಪ್ರವೇಶ ಸಾಧ್ಯವಾಯಿತೇ, ನಿಮಿರುವಿಕೆ ಉಳಿಯಿತೇ ಎಂಬ ಎರಡು ಪ್ರಶ್ನೆಗಳೇ ಅದರ ಜೀವಾಳ. ಉತ್ತರಿಸುವವನು ರೋಗಿಯೇ. ಹಾಗಾಗಿ ತಾನು ನುಂಗುತ್ತಿರುವುದು ನಿಜವಾದ ಮಾತ್ರೆಯೋ ಹುಸಿಯೋ ಎಂಬುದು ಅವನಿಗೂ ವೈದ್ಯರಿಗೂ ಗೊತ್ತಿರಬಾರದು. ಡಬಲ್ ಬ್ಲೈಂಡ್ ಎಂಬ ಈ ಕ್ರಮ ಇಲ್ಲದೆ ಇಂಥ ಅಧ್ಯಯನವನ್ನು ನಾನಂತೂ ನಂಬುವುದಿಲ್ಲ.

1998ರ ಪ್ರಮುಖ ವರದಿಯ ಒಂದು ಭಾಗದಲ್ಲಿ 329 ಪುರುಷರು 12 ವಾರ ಭಾಗವಹಿಸಿದರು. ಕೊನೆಯ 4 ವಾರಗಳ ಸಂಭೋಗ ಪ್ರಯತ್ನಗಳಲ್ಲಿ ಸಿಲ್ಡೆನಾಫಿಲ್ ಗುಂಪಿನವು ಶೇ 69, ಪ್ಲಸೀಬೊ, ಅಂದರೆ ಹುಸಿ ಮಾತ್ರೆಯ, ಗುಂಪಿನವು ಶೇ 22 ಯಶಸ್ವಿಯಾದವು. ಇಲ್ಲಿ ಎಚ್ಚರ: ಇದು ಪ್ರಯತ್ನಗಳ ಲೆಕ್ಕ, ಪುರುಷರ ಲೆಕ್ಕವಲ್ಲ. "ನೂರರಲ್ಲಿ 69 ಮಂದಿ ಗುಣವಾದರು" ಎಂದು ಉತ್ತರ ಪತ್ರಿಕೆಯಲ್ಲಿ ಬರೆದರೆ ತಪ್ಪು. ಹುಸಿ ಮಾತ್ರೆಯ ಶೇ 22ನ್ನೂ ಕಡೆಗಣಿಸಬೇಡಿ. ಮಾತ್ರೆಯಿಂದ ಬಂದ ಲಾಭ ಈ ಎರಡರ ನಡುವಿನ ಅಂತರ ಮಾತ್ರ.

ತಲೆನೋವು, ಮುಖ ಕೆಂಪೇರುವುದು, ಅಜೀರ್ಣ ಸಾಮಾನ್ಯ ಅಡ್ಡ ಪರಿಣಾಮಗಳು. ಕೆಲವರಿಗೆ ನೋಟದಲ್ಲಿ ನೀಲಿ ಛಾಯೆ ಕಾಣಿಸುತ್ತದೆ, ಕಾರಣ ಅಕ್ಷಿಪಟಲದಲ್ಲಿರುವ ಪಿಡಿಇ6 ಎಂಬ ಸಂಬಂಧಿತ ಕಿಣ್ವಕ್ಕೂ ಸ್ವಲ್ಪ ತಡೆ ಬೀಳುವುದು.

ವರದಿಯಲ್ಲಿ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದನ್ನೂ ಓದಿ. ಎದೆನೋವಿಗೆ ಕೊಡುವ ನೈಟ್ರೇಟ್ ಔಷಧ ಸೇವಿಸುತ್ತಿದ್ದವರನ್ನು ಹೊರಗಿಟ್ಟಿದ್ದರು. ಎರಡೂ ಸೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ನಿಮಿರು ದೌರ್ಬಲ್ಯವೂ ಹೃದ್ರೋಗವೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ. ಆದ್ದರಿಂದ ಚೀಟಿ ಬರೆಯುವ ಮುನ್ನ ನೈಟ್ರೇಟ್ ಬಗ್ಗೆ ನೇರವಾಗಿ ಕೇಳಲೇಬೇಕು.